ದೂರಶಿಕ್ಷಣದ ಇಂಗ್ಲಿಷ್ ಎಂ.ಎ.: ಆನ್‌ಲೈನ್ ಅಸೈನ್‌ಮೆಂಟ್ ತಿದ್ದಿ ವಾಪಸ್ ಕೊಡೋರು ಯಾರು?

ವಿದ್ಯಾನಗರ ಮೇಷ್ಟ್ರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಭಾನುವಾರ ದೂರಶಿಕ್ಷಣದ ಎಂ.ಎ. ವಿದ್ಯಾರ್ಥಿಗಳಿಗೆ ಕೌನ್ಸೆಲಿಂಗ್ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಹೊನ್ನಾಳಿ, ಹರಿಹರ, ಜಗಳೂರು, ಚಳ್ಳಕೆರೆ, ಹೀಗೆ ಸುತ್ತಲಿನ ಊರುಗಳಿಂದ ಬರುತ್ತಾರೆ.

ಈಗ ಎಲ್ಲ ಕಡೆ ಅಸೈನ್‌ಮೆಂಟ್ ಆನ್‌ಲೈನ್ ಆಗುತ್ತಿದೆ. ಒಳ್ಳೆಯದೇ. ಆದರೆ ತುಂಬಾ ಕಡೆ ನಡೆದಿರುವುದು ಏನು ಅಂದರೆ, ಮೊದಲು ಹಾಳೆಗೆ ದಾರ ಕಟ್ಟಿ ಸ್ಟಡಿ ಸೆಂಟರ್‌ಗೆ ಕೊಟ್ಟು ಬರುತ್ತಿದ್ದರು, ಈಗ ಅದೇ ಹಾಳೆಯ ಫೋಟೋ ತೆಗೆದು, ಪಿಡಿಎಫ್ ಮಾಡಿ, ಪೋರ್ಟಲ್‌ಗೆ ಹಾಕುತ್ತಾರೆ, ಯಾವಾಗಲೋ ಒಂದು ದಿನ ಮಾರ್ಕ್ಸ್ ಬರುತ್ತದೆ. ಯಾವ ವಾಕ್ಯ ಸರಿ ಇತ್ತು, ಎಲ್ಲಿ ಎಡವಿದರು ಅಂತ ಒಂದು ಸಾಲೂ ವಾಪಸ್ ಬರುವುದಿಲ್ಲ.

ಬೇರೆ ವಿಷಯದವರಿಗೆ ಇದು ಹೇಗೋ ನಡೆಯಬಹುದು. ಭಾಷೆ ಕಲಿಯುವವರಿಗೆ ನಡೆಯೋದಿಲ್ಲ. ತಿದ್ದಿದ್ದು ಕೈಗೆ ಬರಬೇಕು, ಅದನ್ನು ನೋಡಿ ಇನ್ನೊಂದು ಸಲ ಬರೆಯೋಕೆ ಟೈಮ್ ಇರಬೇಕು. ಅಷ್ಟಿಲ್ಲದಿದ್ದರೆ ಪೋರ್ಟಲ್ ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ?

ಇದು ಅಂಚೆ ಕಾಲದಲ್ಲೇ ಗೊತ್ತಿದ್ದ ವಿಷಯ. 1840ರಲ್ಲಿ ಇಂಗ್ಲೆಂಡಿನಲ್ಲಿ ಪೆನ್ನಿ ಅಂಚೆ ಬಂದಾಗ ಐಸಾಕ್ ಪಿಟ್‌ಮನ್ ಕಾಗದದ ಮೂಲಕವೇ ಶಾರ್ಟ್‌ಹ್ಯಾಂಡ್ ಕಲಿಸಿದರು. ಕಲಿಯುವವರು ಬರೆದು ಕಳಿಸುತ್ತಿದ್ದರು, ಅದು ತಿದ್ದುಪಡಿ ಸಮೇತ ವಾಪಸ್ ಹೋಗುತ್ತಿತ್ತು. ನಮ್ಮಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿದವು. ಮೈಸೂರಿನ ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು. ಕಾಗದ ಹೋಗಿ ಬರೋಕೆ ವಾರಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಎರಡು ಸಲ ಬರೆಸುವುದು ಕಷ್ಟ ಅಂದರೆ ಒಪ್ಪಬಹುದು. ಈಗ ಒಂದು ನಿಮಿಷದಲ್ಲಿ ಹೋಗುತ್ತದೆ, ಒಂದು ನಿಮಿಷದಲ್ಲಿ ಬರುತ್ತದೆ. ಆದರೂ ವಾಪಸ್ ಮಾತ್ರ ಬರುತ್ತಿಲ್ಲ.

ನಮ್ಮ ಕ್ಲಾಸಿನಲ್ಲಿ ಮಾಡಿದ್ದು ಹೇಳುತ್ತೇನೆ. ಗೂಗಲ್ ಡಾಕ್ಸ್‌ನಲ್ಲಿ ಒಂದು ಪ್ಯಾರಾ ಬರೆದು ನನಗೆ ಶೇರ್ ಮಾಡಿ ಅಂದೆ. ಒಬ್ಬ ಹುಡುಗ ಹೀಗೆ ಬರೆದಿದ್ದ (ಅವನ ಒಪ್ಪಿಗೆ ತೆಗೆದುಕೊಂಡೇ ಹಾಕುತ್ತಿದ್ದೇನೆ): 'ಮೈ ಫಾದರ್ ಈಸ್ ಹ್ಯಾವಿಂಗ್ ಫೋರ್ ಏಕರ್ಸ್ ಲ್ಯಾಂಡ್ ಸಿನ್ಸ್ ಟ್ವೆಂಟಿ ಇಯರ್ಸ್.' ನಾನು ಸರಿ ಉತ್ತರ ಬರೆದುಕೊಡಲಿಲ್ಲ. ಪಕ್ಕದಲ್ಲಿ ಕಾಮೆಂಟ್ ಹಾಕಿದೆ. ಜಮೀನು ಇರುವುದು ಈಗ ನಡೆಯುತ್ತಿರುವ ಕೆಲಸವಾ, ಇರುವ ಸ್ಥಿತಿಯಾ? ಇಪ್ಪತ್ತು ವರ್ಷ ಅನ್ನೋದು ಶುರುವಾದ ಹೊತ್ತಾ, ಕಳೆದ ಅವಧಿಯಾ? ರಾತ್ರಿ ಅವನೇ ಬದಲಾಯಿಸಿದ: 'ಮೈ ಫಾದರ್ ಹ್ಯಾಸ್ ಓನ್ಡ್ ಫೋರ್ ಏಕರ್ಸ್ ಆಫ್ ಲ್ಯಾಂಡ್ ಫಾರ್ ಟ್ವೆಂಟಿ ಇಯರ್ಸ್.' ಆಮೇಲೆ ಇನ್ನೊಬ್ಬರ ಪ್ಯಾರಾದಲ್ಲಿ ಇದೇ ತಪ್ಪು ಬಂದಾಗ ಮೊದಲು ಹಿಡಿದವನು ಅವನೇ.

ನಿಮ್ಮ ನಿಮ್ಮ ಕಡೆ ಹೇಗೆ ನಡೆಯುತ್ತಿದೆ? ವಿದ್ಯಾರ್ಥಿಗಳು, ಪಾಠ ಮಾಡುವವರು, ಪೇಪರ್ ನೋಡುವವರು ಎಲ್ಲರೂ ಹೇಳಿ.

ಜಗಳೂರು ಓದುಗಿ

ಸರ್, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ನಮ್ಮ ಕಡೆಯ ಕಷ್ಟವನ್ನೂ ಸ್ವಲ್ಪ ಕೇಳಿ. ಮನೆಯಲ್ಲಿ ಇರೋದು ಒಂದೇ ಒಳ್ಳೆ ಫೋನ್. ಹಗಲು ತಮ್ಮನ ಹತ್ತಿರ ಇರುತ್ತದೆ. ಲ್ಯಾಪ್‌ಟಾಪ್ ಇಲ್ಲ. ಊರೊಳಗೆ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ಪುಣ್ಯ, ಮಾಳಿಗೆ ಮೇಲೆ ಹೋದರೆ ಎರಡು ಕಡ್ಡಿ.

ಕಳೆದ ಸೆಮಿಸ್ಟರ್‌ನಲ್ಲಿ ಲಾಸ್ಟ್ ಡೇಟ್ ದಿನ ಪೋರ್ಟಲ್ ತೆರೆಯಲೇ ಇಲ್ಲ. ಸುತ್ತುತ್ತಾ ಸುತ್ತುತ್ತಾ ಹಾಗೇ ನಿಂತಿತ್ತು. ಫೈಲ್ ದೊಡ್ಡದಾಯಿತು ಅಂತ ಒಂದು ಸಲ, ಟೈಮ್ ಔಟ್ ಅಂತ ಇನ್ನೊಂದು ಸಲ. ಕೊನೆಗೆ ಬಸ್ ಹತ್ತಿ ದಾವಣಗೆರೆಗೆ ಬಂದು ಜೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಅಪ್‌ಲೋಡ್ ಮಾಡಿಸಿದೆ. ಮನೆಯಲ್ಲೇ ಕೂತು ಕಳಿಸಬಹುದು ಅಂತ ತಾನೇ ಆನ್‌ಲೈನ್ ಮಾಡಿದ್ದು? ಅದಕ್ಕಿಂತ ಹಾಳೆ ಕೊಟ್ಟು ಬರೋದೇ ಸುಲಭ ಇತ್ತಲ್ವಾ?

ಎರಡೆರಡು ಸಲ ಬರೆದು ಕಳಿಸಿ ಅಂದರೆ ನನಗೆ ಖುಷಿಯೇ. ಆದರೆ ಎರಡು ಸಲ ಈ ಒದ್ದಾಟ ಬೇಡ.

ವಿದ್ಯಾನಗರ ಮೇಷ್ಟ್ರು, ದಾವಣಗೆರೆ

ನಿಮ್ಮ ಮಾತು ಸರಿಯಾಗಿದೆ ತಂಗಿ. ಈ ಒದ್ದಾಟ ಅರ್ಧಕ್ಕರ್ಧ ಫೋಟೋದಿಂದಲೇ ಬರುವುದು. ಕೈಬರಹದ ಒಂದೊಂದು ಪುಟವನ್ನೂ ಫೋಟೋ ತೆಗೆದರೆ ಫೈಲ್ ಹಲವು ಎಂಬಿ ಆಗುತ್ತದೆ. ಅದೇ 500 ಪದದ ಇಂಗ್ಲಿಷ್ ಪ್ರಬಂಧವನ್ನು ಫಾರ್ಮ್ಯಾಟಿಂಗ್ ಏನೂ ಇಲ್ಲದ ಅಕ್ಷರವಾಗಿ ಕಳಿಸಿದರೆ ಸುಮಾರು 3 ಕೆಬಿ. ಒಂದೇ ಕಡ್ಡಿ ನೆಟ್‌ವರ್ಕ್ ಇದ್ದರೂ ಹೋಗುತ್ತದೆ, ವಾಟ್ಸಾಪ್ ಮೆಸೇಜ್ ಹೋದ ಹಾಗೆ. ಡ್ರಾಫ್ಟ್‌ಗೆ ಪಿಡಿಎಫ್ ಯಾಕೆ ಬೇಕು? ಹಾಗೇ ಟೈಪ್ ಮಾಡಿ ಕಳಿಸಿದರೆ ಸಾಕು ಅಂತ ಸ್ಟಡಿ ಸೆಂಟರ್ ಹೇಳಬೇಕು. ಗೂಗಲ್ ಡಾಕ್ಸ್ ಆ್ಯಪ್‌ನಲ್ಲಿ ಆ ಫೈಲ್‌ಗೆ ಆಫ್‌ಲೈನ್ ಆನ್ ಮಾಡಿಟ್ಟರೆ ನೆಟ್ ಇಲ್ಲದಾಗಲೂ ಬರೆಯಬಹುದು, ನೆಟ್ ಸಿಕ್ಕಾಗ ತಾನೇ ಸೇವ್ ಆಗುತ್ತದೆ.

ಲಾಸ್ಟ್ ಡೇಟ್ ವಿಷಯ ಬೇರೆ. ಇಡೀ ರಾಜ್ಯಕ್ಕೆ ಒಂದೇ ದಿನ ಇಟ್ಟರೆ ಸರ್ವರ್ ಕೂರುತ್ತದೆ. ಪೇಪರ್‌ಗೆ ಒಂದರಂತೆ ಬೇರೆ ಬೇರೆ ದಿನ ಇಡೋಕೆ ಏನು ಕಷ್ಟ?

ಡಿಪೋ ದುರ್ಗ

ನಮಸ್ಕಾರ ಮೇಷ್ಟ್ರೇ. ನಾನು ಚಿತ್ರದುರ್ಗದಲ್ಲಿ ಬಸ್ ಕಂಡಕ್ಟರ್. ಬೆಂಗಳೂರು ರೂಟ್. ಇಂಗ್ಲಿಷ್ ಎಂ.ಎ. ಮಾಡಬೇಕು ಅಂತ ತುಂಬಾ ವರ್ಷದ ಆಸೆ, ಈಗ ಮಾಡುತ್ತಿದ್ದೇನೆ. ರಾತ್ರಿ ಹಾಲ್ಟ್ ಇದ್ದಾಗ ರೆಸ್ಟ್ ರೂಮಿನಲ್ಲಿ ಓದುತ್ತೇನೆ.

ನಾನು ಸ್ವಲ್ಪ ಬೇರೆ ಹೇಳಬೇಕು. ಎಲ್ಲವನ್ನೂ ಟೈಪ್ ಮಾಡಿಸಿದರೆ ನಮ್ಮಂಥವರಿಗೆ ಪೆಟ್ಟು ಬೀಳುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2020ರ ನಿಯಮದಲ್ಲಿ ಅಸೈನ್‌ಮೆಂಟ್ ಥರದ್ದಕ್ಕೆಲ್ಲ ಸೇರಿ ಹೆಚ್ಚು ಅಂದರೆ ಶೇ. 30, ಕೊನೆ ಪರೀಕ್ಷೆಗೆ ಕಡಿಮೆ ಅಂದರೂ ಶೇ. 70. ಇಗ್ನೋದಲ್ಲೂ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) 30–70 ಲೆಕ್ಕವೇ. ಆ 70 ಮಾರ್ಕ್ಸ್ ಪೆನ್ನಿನಲ್ಲಿ ಬರೆಯಬೇಕು. ಮೂರು ಗಂಟೆ ಕೂತು, ಇಂಗ್ಲಿಷಿನಲ್ಲಿ, ಕಾಗುಣಿತದ ತಪ್ಪು ತೋರಿಸಿಕೊಡುವ ಕೆಂಪು ಗೆರೆ ಇಲ್ಲದೆ. ವರ್ಷಪೂರ್ತಿ ಫೋನಿನಲ್ಲಿ ಬೆರಳು ಆಡಿಸಿ ಪರೀಕ್ಷೆಗೆ ಹೋದರೆ ಎರಡನೇ ಉತ್ತರಕ್ಕೇ ಕೈ ಸೋಲುತ್ತದೆ. ಫೋನ್ ತಾನೇ ಸ್ಪೆಲಿಂಗ್ ಸರಿ ಮಾಡಿಕೊಂಡು ಹೋಗುತ್ತಿರುತ್ತದೆ, ನಮಗೆ ಬರುತ್ತದೋ ಇಲ್ಲವೋ ಗೊತ್ತೇ ಆಗುವುದಿಲ್ಲ. 'ಅಕಾಮಡೇಶನ್' ಪದಕ್ಕೆ ಎರಡು ಸಿ ಎರಡು ಎಂ ಅಂತ ಕೈಯಲ್ಲಿ ಬರೆದು ತಪ್ಪಿದಾಗಲೇ ತಲೆಗೆ ಹೋಗಿದ್ದು ನನಗೆ.

ಕೈಬರಹ ಬೇಕು ಅನ್ನುವವರನ್ನು ಹಳೇ ಕಾಲದವರು ಅಂತ ತಳ್ಳಬೇಡಿ.

ಕೋಟೆ ರಸ್ತೆ, ಚಿತ್ರದುರ್ಗ

ನಿವೃತ್ತ ಇಂಗ್ಲಿಷ್ ಅಧ್ಯಾಪಕ ನಾನು. ಕಂಡಕ್ಟರ್ ಸಾಹೇಬರ ಮಾತು ಓದಿ ತುಂಬಾ ಸಂತೋಷವಾಯಿತು. ಇಂಥ ವಿದ್ಯಾರ್ಥಿಗಳಿಗಾಗಿಯೇ ದೂರಶಿಕ್ಷಣ ಇರುವುದು.

ಆದರೆ ನನ್ನ ಚಿಂತೆ ಕಾಪಿ ಹೊಡೆಯುವುದು. ಮೊದಲೂ ಇತ್ತು. ಗೈಡ್ ನೋಡಿ ಬರೆಯೋರು, ದುಡ್ಡು ಕೊಟ್ಟು ಬರೆಸೋರು, ಸೀನಿಯರ್ ಹಾಳೆ ಇಳಿಸೋರು. ಈಗ ಕೇಳಿದ್ದಕ್ಕೆ ತಾನೇ ಉತ್ತರ ಬರೆದುಕೊಡುವ ಎಐ (ಕೃತಕ ಬುದ್ಧಿಮತ್ತೆ) ಸಾಧನ ಚಾಟ್‌ಜಿಪಿಟಿ ಬಂದಿದೆ. 2022ರ ನವೆಂಬರ್ ಕೊನೆಗೆ ಅದು ಬಂದ ಮೇಲೆ ಎಲ್ಲರ ಉತ್ತರವೂ ಒಂದೇ ಅಚ್ಚಿನಲ್ಲಿ ಹೊಯ್ದ ಇಟ್ಟಿಗೆ ಥರ ಕಾಣುತ್ತಿದೆ. ತಪ್ಪೇ ಇಲ್ಲದ ಇಂಗ್ಲಿಷ್, ಆದರೆ ಬರೆದವರು ಯಾರು ಅಂತ ಗೊತ್ತಾಗೋದಿಲ್ಲ. ತಪ್ಪಿಲ್ಲದ ಕಡೆ ತಿದ್ದೋದು ಏನನ್ನು?

ನನ್ನ ಪ್ರಕಾರ ಕೆಟ್ಟಿರುವುದು ಪ್ರಶ್ನೆ. 'ರೊಮ್ಯಾಂಟಿಕ್ ಕಾವ್ಯದ ಲಕ್ಷಣಗಳನ್ನು ಚರ್ಚಿಸಿ' ಅಂತ ವರ್ಷ ವರ್ಷ ಅದನ್ನೇ ಕೇಳಿದರೆ ಮಷೀನ್ ಹತ್ತಿರ ಉತ್ತರ ಸಿದ್ಧ ಇರುತ್ತದೆ. ಅದರ ಬದಲು ಹೀಗೆ ಕೇಳಿ. ಭಾಷಾವಿಜ್ಞಾನದ ಪೇಪರ್ ಇದ್ದರೆ, ನಿಮ್ಮ ಊರಿನ ಮುಖ್ಯ ರಸ್ತೆಯಲ್ಲಿ ನಡೆದು ಹೋಗಿ, ಅಂಗಡಿ ಬೋರ್ಡಿನ ಇಂಗ್ಲಿಷ್ ಹತ್ತು ಬರೆದುಕೊಳ್ಳಿ, ಫೋಟೋ ಸಮೇತ ಹಾಕಿ, ಕನ್ನಡದ ಉಚ್ಚಾರಣೆ ಅಲ್ಲಿನ ಸ್ಪೆಲಿಂಗ್ ಮೇಲೆ ಏನು ಮಾಡಿದೆ ಅಂತ ವಿವರಿಸಿ. ದಾವಣಗೆರೆ ಪಿ.ಬಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಒಂದು ಸೆಮಿಸ್ಟರ್‌ಗೆ ಆಗುವಷ್ಟು ಸಿಗುತ್ತದೆ. ಚಳ್ಳಕೆರೆಯವರು ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರನ್ನು ಕನ್ನಡದಲ್ಲಿ ಮಾತಾಡಿಸಿ, ಅದನ್ನು ಇಂಗ್ಲಿಷಿನಲ್ಲಿ ಬರೆಯಲಿ. ಮಾತಾಡಿಸಿದ ರೆಕಾರ್ಡಿಂಗ್ ಜೊತೆಗಿರಲಿ. ಇಂಥದ್ದನ್ನು ಗೈಡ್ ನೋಡಿ ಬರೆಯೋಕೆ ಆಗೋದಿಲ್ಲ. ಓದೋಕೂ ನಮಗೆ ಆಸೆಯಾಗುತ್ತದೆ.

ಹರಿಹರದವನು

ಕಾಪಿ ವಿಷಯ ಬಂದಿದ್ದರಿಂದ ಹೇಳುತ್ತೇನೆ. ನಾನು ಸ್ವಂತ ಬರೆದ ಅಸೈನ್‌ಮೆಂಟ್‌ಗೆ 'ಇದು ಎಐ ಬರೆದದ್ದು' ಅಂತ ವಾಪಸ್ ಹಾಕಿದರು. ಯಾವ ವಿಶ್ವವಿದ್ಯಾಲಯ ಅಂತ ಇಲ್ಲಿ ಬೇಡ. ಯಾವುದೋ ಸಾಫ್ಟ್‌ವೇರ್‌ಗೆ ಹಾಕಿದ್ದಾರೆ, ಅದು ಇಷ್ಟು ಪರ್ಸೆಂಟ್ ಅಂದಿದೆ, ಅಷ್ಟೇ. ನಾನು ರಾತ್ರಿ ಎರಡು ಗಂಟೆವರೆಗೂ ಡಿಕ್ಷನರಿ ಹಿಡಿದು ಕೂತು ಬರೆದದ್ದು. ಫೋನ್ ಮಾಡಿದರೆ ಯಾರೂ ಸರಿಯಾಗಿ ಮಾತಾಡಲಿಲ್ಲ. ತುಂಬಾ ಬೇಜಾರಾಯಿತು. ಇಂಗ್ಲಿಷ್ ಚೆನ್ನಾಗಿ ಬರೆದರೆ ಕಳ್ಳ ಅಂತಾರೆ, ತಪ್ಪು ಬರೆದರೆ ಮಾರ್ಕ್ಸ್ ಕೊಡೋದಿಲ್ಲ.

ಕೋಟೆ ರಸ್ತೆ, ಚಿತ್ರದುರ್ಗ

ಹರಿಹರದ ತಮ್ಮಾ, ನಿನ್ನ ಸಿಟ್ಟು ನ್ಯಾಯವಾದದ್ದು. ಆ ಸಾಫ್ಟ್‌ವೇರ್ ನಂಬೋದು ದೊಡ್ಡ ತಪ್ಪು. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಸಾಧನಗಳನ್ನು ಪರೀಕ್ಷೆ ಮಾಡಿದರು. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಕೊಟ್ಟಾಗ ಸರಾಸರಿ ಶೇ. 61ಕ್ಕೂ ಜಾಸ್ತಿ ಪ್ರಬಂಧಗಳನ್ನು ಎಐ ಬರೆದದ್ದು ಅಂತ ತೋರಿಸಿದವು. ಎಲ್ಲವೂ ಮನುಷ್ಯರೇ ಬರೆದದ್ದು! ಕಾರಣ ಸರಳ. ಮುಂದಿನ ಪದ ಯಾವುದು ಅಂತ ಎಷ್ಟು ಸುಲಭವಾಗಿ ಊಹಿಸಬಹುದು ಅನ್ನೋದನ್ನು ಅವು ಅಳೆಯುತ್ತವೆ. ಎರಡನೇ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಪದಗಳನ್ನೇ ಎಚ್ಚರಿಕೆಯಿಂದ ಬಳಸುತ್ತಾರೆ. ಹಾಗಾಗಿ ಊಹೆ ಸುಲಭ, ಹಾಗಾಗಿ ಅನುಮಾನ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ಸರಿಯಾಗಿ ಹಿಡಿಯುತ್ತಿಲ್ಲ ಅಂತ 2023ರ ಜುಲೈನಲ್ಲಿ ನಿಲ್ಲಿಸಿತು. ಈ ಎರಡು ವಿಷಯ ಬರೆದು ಮರುಪರಿಶೀಲನೆಗೆ ಅರ್ಜಿ ಹಾಕು.

ಮುಂದಕ್ಕೆ ಗೂಗಲ್ ಡಾಕ್ಸ್‌ನಲ್ಲೇ ಬರಿ. ಅದರಲ್ಲಿ ವರ್ಷನ್ ಹಿಸ್ಟರಿ ಅಂತ ಇದೆ, ಕಂಪ್ಯೂಟರಿನಲ್ಲಿ ತೆರೆದರೆ ಪೂರ್ತಿ ಕಾಣುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಬರೆದೆ, ಏನು ಅಳಿಸಿದೆ ಎಲ್ಲ ಅಲ್ಲಿರುತ್ತದೆ. ರಾತ್ರಿ ಎರಡರವರೆಗೂ ಕೂತು ಬರೆದದ್ದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಮೊಳಕಾಲ್ಮೂರು ಟೀಚರ್

ಎಲ್ಲರೂ ಬರೆಯೋದರ ಬಗ್ಗೆಯೇ ಹೇಳುತ್ತಿದ್ದೀರಿ. ಮಾತಿನ ವಿಷಯ ಯಾರೂ ಎತ್ತಲಿಲ್ಲ. ನಾನು ಪ್ರೈಮರಿ ಸ್ಕೂಲ್ ಟೀಚರ್. ಬಿ.ಎ.ಯೂ ದೂರಶಿಕ್ಷಣ, ಎಂ.ಎ.ಯೂ ದೂರಶಿಕ್ಷಣ. ಇಷ್ಟು ವರ್ಷದಲ್ಲಿ ನನ್ನ ಇಂಗ್ಲಿಷ್ ಮಾತನ್ನು ಯಾವ ಮೇಷ್ಟ್ರೂ ಕೂರಿಸಿಕೊಂಡು ಕೇಳಿಲ್ಲ. ಡಿಗ್ರಿ ಇದೆ, ಬಾಯಿ ತೆರೆಯೋಕೆ ಭಯ. ನನ್ನ ಬಾಯಿಂದ ಕಲಿಯುವ ಮಕ್ಕಳು ಬೇರೆ ಇದ್ದಾರೆ.

ಈ ವರ್ಷ ನಮ್ಮ ಕೌನ್ಸೆಲರ್ ಮೇಡಂ ಒಬ್ಬರು ವಾಯ್ಸ್ ನೋಟ್ ಅಸೈನ್‌ಮೆಂಟ್ ಕೊಟ್ಟರು. ಎರಡು ನಿಮಿಷ, ಇಂಗ್ಲಿಷಿನಲ್ಲಿ, ನಿಮ್ಮ ಮನೆಯ ಕೆಲಸ ಯಾವುದಾದರೂ ವಿವರಿಸಿ ಅಂತ. ನಮ್ಮದು ಮಗ್ಗದ ಮನೆ. ಸೀರೆ ನೇಯೋದನ್ನೇ ಹೇಳಿದೆ. ಆದರೆ ರೆಕಾರ್ಡ್ ಮಾಡೋದು ಎಲ್ಲಿ? ಮಗ್ಗದ ಸದ್ದು ಹಗಲೆಲ್ಲಾ. ಅತ್ತೆ, ಮೈದುನ ಎಲ್ಲರೂ ಇರುವಾಗ ಇಂಗ್ಲಿಷ್ ಮಾತಾಡೋಕೆ ನಾಚಿಕೆ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ಬಾಗಿಲು ಹಾಕಿಕೊಂಡು, ಫೋನನ್ನು ಬಾಯಿಗೆ ಹತ್ತಿರ ಹಿಡಿದು ಮೆಲ್ಲಗೆ ಹೇಳಿದೆ. ಒಂದು ಕಡೆ ತಡವರಿಸಿದರೆ ಮತ್ತೆ ಮೊದಲಿಂದ. ಬರೆಯೋದಕ್ಕಿಂತ ಎಷ್ಟೋ ಜಾಸ್ತಿ ಕಲಿತೆ ಆ ರಾತ್ರಿ.

ಮೇಡಂ ವಾಪಸ್ ವಾಯ್ಸ್ ನೋಟಿನಲ್ಲೇ ತಿದ್ದಿದರು. 'ರೆಕಾರ್ಡ್' ಅನ್ನೋದು ನಾಮಪದ ಆದರೆ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದ ಆದರೆ ಎರಡನೇ ಭಾಗಕ್ಕೆ ಅಂತ ಎರಡನ್ನೂ ಹೇಳಿ ಕೇಳಿಸಿದರು. ಪುಸ್ತಕದಲ್ಲಿ ಈ ನಿಯಮ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಕಿವಿಗೆ ಬಿದ್ದಿದ್ದು ಮಾತ್ರ ಅವತ್ತೇ.

ದಯವಿಟ್ಟು ಮಾತಿನ ಅಸೈನ್‌ಮೆಂಟ್ ಕೊಡಿ. ಆದರೆ ಎಲ್ಲರೂ ಇರುವ ಗ್ರೂಪಿಗೆ ಹಾಕಿ ಅನ್ನಬೇಡಿ. ಮೇಷ್ಟ್ರಿಗೆ ಮಾತ್ರ ಕೇಳಿಸಬೇಕು. ಹೆಣ್ಣುಮಕ್ಕಳು ಅದಕ್ಕೇ ಹಿಂದೆ ಸರಿಯೋದು.

ಜಗಳೂರು ಓದುಗಿ

ಅಕ್ಕಾ, ನೀವು ಬರೆದದ್ದು ಓದಿ ನನಗೂ ಧೈರ್ಯ ಬಂತು. ಗ್ರೂಪಿಗೆ ಹಾಕಿ ಅಂದಿದ್ದಕ್ಕೇ ನಾನು ಒಂದು ಅಸೈನ್‌ಮೆಂಟ್ ಬಿಟ್ಟೇಬಿಟ್ಟೆ.

ಕೆಂಪು ಪೆನ್ನು

ಎಲ್ಲ ಓದಿದೆ. ನಾನು ದೂರಶಿಕ್ಷಣದ ಅಸೈನ್‌ಮೆಂಟ್ ನೋಡುವವನು, ದಾವಣಗೆರೆಯವನೇ. ನಮ್ಮ ಕಡೆಯ ಮಾತನ್ನೂ ಹೇಳಲೇಬೇಕು.

ತಿದ್ದಿ ಯಾಕೆ ವಾಪಸ್ ಬರುವುದಿಲ್ಲ ಅಂದರೆ, ತಿದ್ದೋಕೆ ಯಾರೂ ಟೈಮ್ ಕೊಟ್ಟಿಲ್ಲ, ದುಡ್ಡೂ ಕೊಟ್ಟಿಲ್ಲ. ಒಂದು ಅಸೈನ್‌ಮೆಂಟ್‌ಗೆ ಇಷ್ಟು ಅಂತ ಕೊಡುತ್ತಾರೆ, ಅದು ಒಂದು ಕಾಫಿ ತಿಂಡಿಗೆ ಸರಿಹೋಗುತ್ತದೆ. ಕಟ್ಟು ಕಟ್ಟು ಬರುತ್ತದೆ, ಇಂಥ ದಿನದೊಳಗೆ ಮಾರ್ಕ್ಸ್ ಎಂಟ್ರಿ ಮುಗಿಸಿ ಅಂತ ಮೆಸೇಜ್ ಬರುತ್ತದೆ. ಪ್ರತಿ ವಾಕ್ಯಕ್ಕೂ ಕಾಮೆಂಟ್ ಬರೆಯಿರಿ ಅಂದರೆ ಆಗದ ಮಾತು. ಮೇಷ್ಟ್ರಿಗೆ ಮನಸ್ಸಿಲ್ಲ ಅಂತ ಯಾರೂ ತಿಳಿಯಬಾರದು. ಪೋರ್ಟಲ್‌ಗೆ ಖರ್ಚು ಮಾಡುವ ಹಾಗೆ ತಿದ್ದುವವರಿಗೂ ಖರ್ಚು ಮಾಡಬೇಕು, ವಿಶ್ವವಿದ್ಯಾಲಯಗಳಿಗೆ ಹೇಳಬೇಕಾದ ಮೊದಲ ಮಾತು ಅದು.

ಅಲ್ಲಿಯವರೆಗೆ ಕೈಲಾಗುವುದು ಏನು? ನಾನು ಎಲ್ಲ ತಪ್ಪನ್ನೂ ಗುರುತು ಮಾಡೋದಿಲ್ಲ. ಒಬ್ಬೊಬ್ಬರಿಗೂ ಪದೇ ಪದೇ ಬರುವ ಎರಡು ತಪ್ಪು ಮಾತ್ರ ಹಿಡಿಯುತ್ತೇನೆ. ಒಬ್ಬರಿಗೆ ಇಂಗ್ಲಿಷಿನ ಆರ್ಟಿಕಲ್ 'ದ' ಎಲ್ಲಿ ಹಾಕಬೇಕು ಗೊತ್ತಿಲ್ಲ, ಇನ್ನೊಬ್ಬರು 'ಡಿಸ್ಕಸ್' ಆದ ಮೇಲೆ ಬೇಡದ 'ಅಬೌಟ್' ಬಿಡೋದಿಲ್ಲ. ಅಷ್ಟೇ ಬರೆದು, ಇಡೀ ಉತ್ತರದಲ್ಲಿ ಅದನ್ನು ನೀವೇ ಹುಡುಕಿ ಸರಿ ಮಾಡಿ ಅನ್ನುತ್ತೇನೆ. ಹಾಳೆ ತುಂಬಾ ಕೆಂಪು ಇದ್ದರೆ ಯಾರೂ ಓದೋದಿಲ್ಲ, ನೋಡಿ ಮಡಚಿ ಇಡುತ್ತಾರೆ. ಇಡೀ ಕ್ಲಾಸಿಗೆ ಬಂದ ತಪ್ಪುಗಳ ಬಗ್ಗೆ ಒಂದು ಆಡಿಯೋ ಮಾಡಿ ಹಾಕುತ್ತೇನೆ. ಒಂದು ಸಲ ಮಾತಾಡಿದರೆ ಎಲ್ಲರಿಗೂ ಮುಟ್ಟುತ್ತದೆ.

ಇನ್ನೊಂದು, ವಿದ್ಯಾರ್ಥಿಗಳೇ ಒಬ್ಬರದ್ದನ್ನು ಒಬ್ಬರು ಓದಬೇಕು. ಮೂಡಲ್ ಎಂಬ ಆನ್‌ಲೈನ್ ಪಾಠದ ಸಾಫ್ಟ್‌ವೇರ್ ಇರುವ ಕಡೆ ವರ್ಕ್‌ಶಾಪ್ ಅಂತ ಒಂದು ಭಾಗ ಇದೆ. ಒಬ್ಬರ ಬರಹವನ್ನು ಇನ್ನೊಬ್ಬರಿಗೆ ಹಂಚುತ್ತದೆ, ಸೆಟ್ಟಿಂಗ್‌ನಲ್ಲಿ ಹೆಸರು ಮರೆಮಾಡಲೂಬಹುದು. ಅದು ಇಲ್ಲದಿದ್ದರೆ ಇಬ್ಬಿಬ್ಬರು ಜೋಡಿ ಮಾಡಿಕೊಳ್ಳಿ. ಓದಿದವರು ಎರಡೇ ಮಾತು ಬರೆಯಬೇಕು: ಯಾವ ಸಾಲು ಅರ್ಥ ಆಗಲಿಲ್ಲ, ಎಲ್ಲಿ ಇನ್ನಷ್ಟು ಹೇಳಬೇಕಿತ್ತು. ಗ್ರಾಮರ್ ತಿದ್ದೋಕೆ ಹೋಗಬೇಡಿ, ಸರಿ ಇದ್ದದ್ದನ್ನೂ ಕೆಡಿಸುತ್ತೀರಿ.

ಡಿಪೋ ದುರ್ಗ

ಸರ್, ಈ ಜೋಡಿ ವಿಚಾರ ಚೆನ್ನಾಗಿದೆ. ಹರಿಹರದ ತಮ್ಮ ಒಪ್ಪಿದರೆ ನಾವಿಬ್ಬರೂ ಜೋಡಿ. ನನ್ನ ಡ್ಯೂಟಿ ನೋಡಿಕೊಂಡು ರಾತ್ರಿ ಓದಿ ಹೇಳುತ್ತೇನೆ.

ಕೈಬರಹದ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ ನೋಡಿ.

ವಿದ್ಯಾನಗರ ಮೇಷ್ಟ್ರು, ದಾವಣಗೆರೆ

ಕೊಡುತ್ತೇನೆ ಸಾಹೇಬರೇ, ಅದನ್ನೇ ಯೋಚನೆ ಮಾಡುತ್ತಿದ್ದೆ. ಡ್ರಾಫ್ಟ್ ಟೈಪ್ ಮಾಡಿ ಕಳಿಸಲಿ, ಯಾಕೆಂದರೆ ತಿದ್ದೋಕೆ, ಬದಲಾಯಿಸೋಕೆ ಸುಲಭ, ನೆಟ್ ಕಡಿಮೆ ಸಾಕು. ತಿದ್ದಿದ ಮೇಲೆ ಕೊನೆಯದನ್ನು ಪೆನ್ನಿನಲ್ಲಿ ಬರೆಯಲಿ. ಇಗ್ನೋದವರಿಗೆ ಕೊನೆಯದು ಕೈಬರಹದಲ್ಲೇ ಇರಬೇಕು ಅಂತ ಮೊದಲಿಂದ ಇದೆ, ಅವರಿಗೆ ಇದು ಸರಿಹೋಗುತ್ತದೆ. ಒಂದು ಅಸೈನ್‌ಮೆಂಟ್ ಆದರೂ ಮೊದಲಿಂದಲೇ ಗಡಿಯಾರ ಇಟ್ಟುಕೊಂಡು ಕೈಯಲ್ಲಿ ಬರೆಯುವುದು ಇರಲಿ. ಫೋನ್ ಸ್ಪೆಲಿಂಗ್ ಸರಿ ಮಾಡೋದನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಬಹುದು, ಡ್ರಾಫ್ಟ್ ಬರೆಯುವಾಗ ಆಫ್ ಮಾಡಿಯೇ ಬರೆಯಿರಿ.

ಕೆಂಪು ಪೆನ್ನು ಸರ್ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ತಿದ್ದುವ ಕೆಲಸವನ್ನು ಕೆಲಸ ಅಂತ ಲೆಕ್ಕಕ್ಕೆ ಹಿಡಿಯದಿದ್ದರೆ ಯಾವ ಆ್ಯಪ್ ಬಂದರೂ ಇದೇ ಕಥೆ.

ನಾವು ಸುಮ್ನೆ ಮಾತಾಡಿ ಬಿಡೋದು ಬೇಡ. ಸ್ಟಡಿ ಸೆಂಟರ್ ಕೋಆರ್ಡಿನೇಟರ್‌ಗೆ ಒಂದು ಅರ್ಜಿ ಕೊಡೋಣ. ಡ್ರಾಫ್ಟ್‌ಗೂ ಕೊನೆಯ ಸಬ್‌ಮಿಶನ್‌ಗೂ ನಡುವೆ ಕನಿಷ್ಠ ಎರಡು ವಾರ ಇರಲಿ. ಡ್ರಾಫ್ಟ್‌ಗೆ ಪಿಡಿಎಫ್ ಕೇಳಬೇಡಿ. ಲಾಸ್ಟ್ ಡೇಟ್ ಪೇಪರ್‌ವಾರು ಬೇರೆ ಇಡಿ. ಎಐ ಸಾಫ್ಟ್‌ವೇರ್ ನಂಬಿ ಯಾರ ಅಸೈನ್‌ಮೆಂಟನ್ನೂ ತಿರಸ್ಕರಿಸಬೇಡಿ, ಅನುಮಾನ ಇದ್ದರೆ ಕರೆದು ಹತ್ತು ನಿಮಿಷ ಮಾತಾಡಿಸಿ. ಸೆಮಿಸ್ಟರ್‌ಗೆ ಒಂದಾದರೂ ಮಾತಿನ ಅಸೈನ್‌ಮೆಂಟ್ ಕೊಡಿ, ಅದು ಮೇಷ್ಟ್ರಿಗೆ ಮಾತ್ರ ಹೋಗಲಿ. ಡ್ರಾಫ್ಟ್ ನೋಡುವವರಿಗೆ ಬೇರೆ ಸಂಭಾವನೆ ಕೊಡಿ.

ಬಿಟ್ಟುಹೋದದ್ದು ಇದ್ದರೆ ಸೇರಿಸಿ.

ಮೊಳಕಾಲ್ಮೂರು ಟೀಚರ್

ಬಿ.ಎ. ಇಂಗ್ಲಿಷ್ ಮಕ್ಕಳನ್ನೂ ಸೇರಿಸಿ ಸರ್. ಭಯ ಶುರುವಾಗೋದು ಅಲ್ಲೇ.

ಹರಿಹರದವನು

ದುರ್ಗದ ಅಣ್ಣಾ, ಜೋಡಿಗೆ ನಾನು ರೆಡಿ. ಮರುಪರಿಶೀಲನೆ ಅರ್ಜಿ ಇವತ್ತೇ ಬರೆಯುತ್ತೇನೆ, ಮೊದಲು ನಿಮಗೇ ಕಳಿಸುತ್ತೇನೆ. ಯಾವ ಸಾಲು ಅರ್ಥ ಆಗಲಿಲ್ಲ ಹೇಳಿ.

ಜಗಳೂರು ಓದುಗಿ

ಸರ್, ನಿಮ್ಮ ಪಟ್ಟಿಯನ್ನು ಅರ್ಜಿಯಾಗಿ ನಾನು ಇಂಗ್ಲಿಷಿನಲ್ಲಿ ಬರೆಯಲಾ? ಡ್ರಾಫ್ಟ್ ನಾಳೆ ರಾತ್ರಿ ಟೈಪ್ ಮಾಡಿ ಕಳಿಸುತ್ತೇನೆ, ತಿದ್ದಿ ಕೊಡಿ. ಭಾನುವಾರದ ಕ್ಲಾಸಿಗೆ ಪ್ರಿಂಟ್ ತೆಗೆಸಿಕೊಂಡು ಬರುತ್ತೇನೆ, ಎಲ್ಲರ ಸಹಿ ಹಾಕಿಸೋಣ. ಚಿತ್ರದುರ್ಗದ ಕಡೆಯವರ ಸಹಿ ಕೋಟೆ ರಸ್ತೆ ಸರ್ ನೋಡಿಕೊಂಡರೆ ಒಂದೇ ಸಲ ಎರಡೂ ಕಡೆ ಕೊಡಬಹುದು.